ವಿಹಾರ ನೌಕೆಯ ಕ್ಯಾಬಿನ್ನಿನಲ್ಲಿ ವಿದ್ಯುತ್ ಸೌಕರ್ಯ: ಪ್ರಯಾಣಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹಿಂದೆಲ್ಲ ಕಂಪನಿಗಳು ವರ್ಷದ ಗುರಿ ಮುಟ್ಟಿದ ಡೀಲರುಗಳಿಗೆ ಬೆಳ್ಳಿಯ ತಟ್ಟೆ, ಗೋಡೆ ಗಡಿಯಾರ, ಹೆಚ್ಚೆಂದರೆ ಊಟಿಯ ಎರಡು ದಿನಗಳ ಪ್ರವಾಸ ಇವುಗಳನ್ನು ಕೊಡುತ್ತಿದ್ದವು. ಕಾಲ ಬದಲಾಗಿದೆ. ಸಿಂಗಪುರದಿಂದ ಹೊರಡುವ ವಿಹಾರ ನೌಕೆಯಲ್ಲಿ ಮೂರು ಅಥವಾ ನಾಲ್ಕು ರಾತ್ರಿಗಳ ಪ್ರವಾಸವು ಈಗ ಡೀಲರುಗಳಿಗೆ ಕೊಡುವ ಸಾಮಾನ್ಯ ಉಡುಗೊರೆಗಳಲ್ಲೊಂದಾಗಿದೆ. ಮುಂಬಯಿಯಿಂದಲೂ 2021ರಲ್ಲಿ ಕಾರ್ಡೀಲಿಯಾ ಸಂಸ್ಥೆಯ ನೌಕೆಯು ಸಂಚಾರವನ್ನು ಆರಂಭಿಸಿತು. ನಮ್ಮ ಸದಸ್ಯರಲ್ಲಿ ಅನೇಕರು ಕುಟುಂಬ ಸಮೇತ ಇಂತಹ ಪ್ರವಾಸಗಳನ್ನು ಕೈಗೊಳ್ಳುತ್ತಿದ್ದಾರೆ. ಆದರೆ ವರ್ತಕನಿಗೆ ಪೂರ್ಣ ರಜೆ ಎಂಬುದಿಲ್ಲ. ಮೊಬೈಲು, ಲ್ಯಾಪ್‌ಟಾಪು ಮತ್ತು ಡಿಜಿಟಲ್ ಸಹಿಯ ಟೋಕನ್ನು ಅವನೊಡನೆಯೇ ಹಡಗನ್ನು ಏರುತ್ತವೆ. ಇವುಗಳಿಗೆ ಬೇಕಾದ ವಿದ್ಯುತ್ತಿನ ವಿಚಾರವನ್ನು ಮಾತ್ರ ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

2019ರ ನವೆಂಬರ್ ತಿಂಗಳಿನಲ್ಲಿ ನನ್ನ ಕಕ್ಷಿದಾರರೊಬ್ಬರ ಆಹ್ವಾನದ ಮೇರೆಗೆ ಇಂತಹುದೊಂದು ಪ್ರವಾಸದಲ್ಲಿ ಪಾಲ್ಗೊಂಡಿದ್ದೆನು. ಅವರದು ಖಾಸಗಿ ನಿಯಮಿತ ಕಂಪನಿಯಾದುದರಿಂದ ಜಿಎಸ್‌ಟಿಆರ್-3ಬಿ ನಮೂನೆಗೆ ನಿರ್ದೇಶಕರ ಡಿಜಿಟಲ್ ಸಹಿ ಬೇಕು. ಕೊನೆಯ ದಿನಾಂಕ 20. ಅಂದು ನಾವು ಸಮುದ್ರದ ನಡುವೆ ಇದ್ದೆವು. ಮನೆಯಿಂದ ತಂದಿದ್ದ ನಾಲ್ಕು ಸಾಕೆಟ್ಟುಗಳ ಎಕ್ಸ್‌ಟೆನ್ಷನ್ ಬೋರ್ಡನ್ನು ಹಡಗು ಹತ್ತುವಾಗಲೇ ಭದ್ರತಾ ಸಿಬ್ಬಂದಿ ತೆಗೆದಿರಿಸಿಕೊಂಡು ಚೀಟಿ ಕೊಟ್ಟಿದ್ದರು. ಲ್ಯಾಪ್‌ಟಾಪಿನ ಮೂರು ಪಿನ್ನಿನ ಪ್ಲಗ್ಗು ಕ್ಯಾಬಿನ್ನಿನ ಯಾವ ಸಾಕೆಟ್ಟಿಗೂ ಹೊಂದಲಿಲ್ಲ. ಸ್ವಾಗತ ಕೌಂಟರಿನಲ್ಲಿದ್ದ ಅಡಾಪ್ಟರುಗಳೆಲ್ಲ ಬೇರೆಯವರ ಪಾಲಾಗಿದ್ದವು. ಬ್ಯಾಟರಿಯಲ್ಲಿ ಉಳಿದಿದ್ದುದು ನೂರಕ್ಕೆ ಒಂಬತ್ತು ಭಾಗ. ತೆರಿಗೆಯ ಮೊತ್ತವು ದೊಡ್ಡದಾಗಿದ್ದು, ದಿನಕ್ಕೆ 50 ರೂಪಾಯಿಗಳ ವಿಳಂಬ ಶುಲ್ಕಕ್ಕಿಂತ ಶೇಕಡಾ 18ರ ಬಡ್ಡಿಯ ಮಾತೇ ಕಕ್ಷಿದಾರರ ಮುಖವನ್ನು ಬಾಡಿಸಿತ್ತು. ಕೊನೆಗೆ ತಂಡದಲ್ಲಿದ್ದ ಡೀಲರೊಬ್ಬರ ಮಗನ ಬಳಿ ಎರಡು ಪಿನ್ನಿನ ಯುರೋಪಿಯನ್ ಮಾದರಿಯ ಕೇಬಲ್ ಸಿಕ್ಕಿತು. ಅದರ ಇನ್ನೊಂದು ತುದಿ ನಮ್ಮ ಲ್ಯಾಪ್‌ಟಾಪಿನ ಅಡಾಪ್ಟರಿಗೆ ಸರಿಹೊಂದಿದ್ದು ನಮ್ಮ ಪುಣ್ಯ. ಹಡಗಿನ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆಗೆ ನಮೂನೆಯು ಸಲ್ಲಿಕೆಯಾಯಿತು. ಸಿಂಗಪುರದ ಸಮಯವು ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಭಾರತದಲ್ಲಿ ಆಗಿನ್ನೂ 20ನೇ ತಾರೀಖು, ರಾತ್ರಿ ಹತ್ತೂವರೆ! ಆ ಎರಡೂವರೆ ಗಂಟೆಗಳ ಅಂತರವೇ ನಮ್ಮನ್ನು ಕಾಪಾಡಿತು.

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡಿದೆನು. ಅದರ ಫಲವನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಸಾಕೆಟ್ಟುಗಳ ವಿಚಾರ. ಬಹುಪಾಲು ವಿಹಾರ ನೌಕೆಗಳ ಕ್ಯಾಬಿನ್ನುಗಳಲ್ಲಿ, ಸಾಮಾನ್ಯವಾಗಿ ಬರೆಯುವ ಮೇಜಿನ ಬಳಿ, ಎರಡು ಬಗೆಯ ಸಾಕೆಟ್ಟುಗಳಿರುತ್ತವೆ. ಒಂದು ಚಪ್ಪಟೆ ಪಿನ್ನುಗಳ ಅಮೆರಿಕನ್ ಮಾದರಿ, ಸುಮಾರು 110 ವೋಲ್ಟ್. ಇನ್ನೊಂದು ದುಂಡು ಪಿನ್ನುಗಳ ಯುರೋಪಿಯನ್ ಮಾದರಿ, ಸುಮಾರು 220 ವೋಲ್ಟ್. ಬ್ರಿಟಿಷ್ ಪ್ರಯಾಣಿಕರಿಗಾಗಿ ಓಡುವ ಹಡಗುಗಳಲ್ಲಿ ಆ ದೇಶದ ಚೌಕಾಕಾರದ ಮೂರು ಪಿನ್ನಿನ ಸಾಕೆಟ್ಟು ಇರುವುದುಂಟು. ನಮ್ಮ ಐಎಸ್ 1293 ಮಾನಕದ ಮೂರು ಪಿನ್ನಿನ ಪ್ಲಗ್ಗು ಇವು ಯಾವುದಕ್ಕೂ ಹೊಂದುವುದಿಲ್ಲ. ಮೊಬೈಲ್ ಚಾರ್ಜರುಗಳಲ್ಲಿ ಬರುವ ಸುಮಾರು 4 ಮಿಲಿಮೀಟರ್ ದಪ್ಪದ ಎರಡು ಪಿನ್ನಿನ ಪ್ಲಗ್ಗು ಮಾತ್ರ ಯುರೋಪಿಯನ್ ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ನಮ್ಮ 6 ಆಂಪಿಯರ್ ಪ್ಲಗ್ಗಿನ ಪಿನ್ನು 5 ಮಿಲಿಮೀಟರಿಗಿಂತ ತುಸು ದಪ್ಪ. ಯುರೋಪಿಯನ್ ಸಾಕೆಟ್ಟಿನದು 4.8 ಮಿಲಿಮೀಟರಿನ ಲೆಕ್ಕ. ಬಲವಂತವಾಗಿ ತುರುಕಿದರೆ ಸಾಕೆಟ್ಟು ಹಾಳಾಗುವುದು, ಬಿಲ್ಲು ನಿಮ್ಮ ಖಾತೆಗೆ ಬರುವುದು.

ಎರಡನೆಯದಾಗಿ, ಉಪಕರಣದ ಮೇಲಿನ ಸಣ್ಣ ಅಕ್ಷರಗಳನ್ನು ಓದತಕ್ಕದ್ದು. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಆ ಚಾರ್ಜರು ಎರಡೂ ಸಾಕೆಟ್ಟುಗಳಲ್ಲಿ ಕೆಲಸ ಮಾಡುತ್ತದೆ. ಪಿನ್ನಿನ ಆಕಾರವನ್ನು ಬದಲಿಸುವ ಅಡಾಪ್ಟರ್ ಇದ್ದರೆ ಸಾಕು. ಆ ಅಡಾಪ್ಟರು ವೋಲ್ಟೇಜನ್ನು ಬದಲಿಸುವುದಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಬರಿಯ ‘230 ವೋಲ್ಟ್, 50 ಹರ್ಟ್ಸ್’ ಎಂದಿರುವ ಸಾಧನವನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು. ಹಡಗಿನ ವಿದ್ಯುತ್ತು ಸಾಮಾನ್ಯವಾಗಿ 60 ಹರ್ಟ್ಸಿನದು. ಬಿಸಿ ಮಾಡುವ ಸಾಧನವನ್ನು 110 ವೋಲ್ಟಿಗೆ ಜೋಡಿಸಿದರೆ ಅದರ ಶಕ್ತಿ ಕಾಲು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ, ಏಕೆಂದರೆ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದು. ಹೇಗಿದ್ದರೂ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಕಾಯಿಲ್ ಇವುಗಳಿಗೆ ಕ್ಯಾಬಿನ್ನಿನಲ್ಲಿ ಪ್ರವೇಶವಿಲ್ಲ. ಬೆಳಗಿನ ಕಾಫಿಗೆಂದು ಕಾಯಿಲ್ ತಂದ ನಮ್ಮ ತಂಡದ ಹಿರಿಯರೊಬ್ಬರು ಅದನ್ನೂ ಒಪ್ಪಿಸಬೇಕಾಯಿತು.

ಇನ್ನು ಎಕ್ಸ್‌ಟೆನ್ಷನ್ ಬೋರ್ಡನ್ನು ಏಕೆ ಕಿತ್ತುಕೊಳ್ಳುತ್ತಾರೆ? ಇದನ್ನು ಸಿಬ್ಬಂದಿಯ ದರ್ಪ ಎಂದು ನಾನು ಭಾವಿಸಿದ್ದೆ. ಕಾರಣ ಬೇರೆಯೇ ಇದೆ, ಮತ್ತು ವಿದ್ಯುತ್ ಸಾಮಗ್ರಿಗಳ ತಯಾರಿಕೆಯಲ್ಲಿರುವ ಸದಸ್ಯರಿಗೆ ಇದು ವಿಶೇಷವಾಗಿ ಉಪಯುಕ್ತ.

ನಮ್ಮ ಮನೆ, ಅಂಗಡಿಗಳಲ್ಲಿ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಜೋಡಿಸಿರುತ್ತಾರೆ. ಆದುದರಿಂದ ಫೇಸ್ ತಂತಿಯನ್ನು ಕಡಿದರೆ ಅಪಾಯವೂ ಕಡಿಯಿತು. ಹಡಗಿನಲ್ಲಿ ಬಹುಮಟ್ಟಿಗೆ ಹೀಗಿಲ್ಲ. ಅಲ್ಲಿ ವಿದ್ಯುತ್ ಜಾಲವನ್ನು ಉದ್ದೇಶಪೂರ್ವಕವಾಗಿ ಹಡಗಿನ ಉಕ್ಕಿನ ಒಡಲಿಗೆ ಜೋಡಿಸದೆ ಪ್ರತ್ಯೇಕವಾಗಿರಿಸುತ್ತಾರೆ. ಎಲ್ಲಿಯೋ ಒಂದು ತಂತಿಯ ಹೊದಿಕೆ ಸವೆದು ಒಡಲಿಗೆ ತಾಗಿದರೂ ಫ್ಯೂಸು ಹಾರಿ ಪಂಪುಗಳೋ ಚುಕ್ಕಾಣಿಯ ಯಂತ್ರವೋ ನಿಲ್ಲಬಾರದು. ಎಚ್ಚರಿಕೆಯ ಸೂಚನೆ ಮಾತ್ರ ಬರಬೇಕು, ಎಂಜಿನಿಯರು ದೋಷವನ್ನು ಹುಡುಕಿ ಸರಿಪಡಿಸಬೇಕು ಎಂಬುದು ಇದರ ಉದ್ದೇಶ. ನಡುಗಡಲಿನಲ್ಲಿ ಇದು ವಿವೇಕದ ವ್ಯವಸ್ಥೆಯೇ. ಆದರೆ ಇದರ ಪರಿಣಾಮವಾಗಿ ಸಾಕೆಟ್ಟಿನ ಎರಡೂ ತಂತಿಗಳು ಜೀವಂತವಾಗಿರುತ್ತವೆ. ನ್ಯೂಟ್ರಲ್ ಎಂಬುದೇ ಇಲ್ಲ.

ಈಗ ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡನ್ನು ಪರಿಶೀಲಿಸೋಣ. ಅದರೊಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ವೇರಿಸ್ಟರ್ ಎಂಬ ಸಣ್ಣ ಬಿಲ್ಲೆಗಳಿರುತ್ತವೆ. ತಂತಿಗೂ ಅರ್ಥಿಂಗಿಗೂ ನಡುವೆ ಇವನ್ನು ಜೋಡಿಸಿರುತ್ತಾರೆ. ವೋಲ್ಟೇಜು ಮಿತಿ ಮೀರಿದಾಗ ಇವು ಹೆಚ್ಚುವರಿಯನ್ನು ಭೂಮಿಗೆ ಹರಿಸುತ್ತವೆ. ಹಡಗಿನಲ್ಲಿ ಎಲ್ಲಿಯಾದರೂ ಒಂದು ತಂತಿ ಒಡಲಿಗೆ ತಾಗಿತೆನ್ನಿ, ಆಗ ಉಳಿದ ತಂತಿಗಳಿಗೂ ಒಡಲಿಗೂ ನಡುವಣ ವೋಲ್ಟೇಜು ಏರುತ್ತದೆ. ಬಿಲ್ಲೆಯು ಕ್ಷಣಮಾತ್ರದ ಬದಲು ನಿರಂತರವಾಗಿ ವಿದ್ಯುತ್ತನ್ನು ಹರಿಸಿ ಕಾಯತೊಡಗಬಹುದು. ಬೋರ್ಡಿನ ಸ್ವಿಚ್ಚು ಕಡಿಯುವುದು ಒಂದೇ ತಂತಿಯನ್ನು. ಇನ್ನೊಂದು ಜೀವಂತವಾಗಿಯೇ ಇರುತ್ತದೆ. ಹೀಗೆ ನೆಲದ ಮೇಲೆ ರಕ್ಷಣೆ ಕೊಡುವ ಸಾಧನವೇ ಹಡಗಿನಲ್ಲಿ ಬೆಂಕಿಗೆ ಕಾರಣವಾಗಬಲ್ಲದು. ಅಮೆರಿಕದ ಕರಾವಳಿ ಕಾವಲು ಪಡೆಯು 2013ರಲ್ಲಿ ಇದೇ ವಿಷಯದ ಮೇಲೆ ಸುರಕ್ಷತಾ ಎಚ್ಚರಿಕೆಯನ್ನು ಹೊರಡಿಸಿತು.

ಹಡಗಿನವರು ಬೆಂಕಿಯ ವಿಚಾರದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಅನುಭವವೇ ಕಾರಣ. 2006ರ ಮಾರ್ಚ್ 23ರಂದು ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ನೌಕೆಯ ಬಾಲ್ಕನಿಯೊಂದರಲ್ಲಿ ಹೊತ್ತಿದ ಬೆಂಕಿಯು ಬೇಗನೆ ಹಬ್ಬಿ ಅನೇಕ ಕ್ಯಾಬಿನ್ನುಗಳನ್ನು ನಾಶಮಾಡಿತು. ಒಬ್ಬ ಪ್ರಯಾಣಿಕರು ಮೃತರಾದರು. ಅದಕ್ಕೆ ಎಸೆದ ಸಿಗರೇಟಿನ ತುಂಡು ಕಾರಣವಿರಬಹುದೆಂದು ತನಿಖೆ ಹೇಳಿತೇ ವಿನಾ ವಿದ್ಯುತ್ತಲ್ಲ. ಆದರೆ ಸಮುದ್ರದ ನಡುವೆ ಅಗ್ನಿಶಾಮಕ ದಳವನ್ನು ಕರೆಯಲು ಸಾಧ್ಯವಿಲ್ಲವೆಂಬ ಸತ್ಯವು ಎರಡಕ್ಕೂ ಒಂದೇ. ರಾಯಲ್ ಕೆರಿಬಿಯನ್ ಸಂಸ್ಥೆಯು 2024ರಲ್ಲಿ ಸರ್ಜ್ ಇರಲಿ ಇಲ್ಲದಿರಲಿ, ಎಕ್ಸ್‌ಟೆನ್ಷನ್ ಬೋರ್ಡುಗಳನ್ನೂ ಬಹು ಪ್ಲಗ್ಗುಗಳ ಸಾಧನಗಳನ್ನೂ ನಿಷೇಧಿಸಿತು. ಯುಎಸ್‌ಬಿ ಹಬ್ಬುಗಳಿಗೆ ಅವಕಾಶ ಕೊಟ್ಟಿತು. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆಯಾದುದರಿಂದ ಟಿಕೆಟ್ಟಿನೊಡನೆ ಬರುವ ನಿಷೇಧಿತ ವಸ್ತುಗಳ ಪಟ್ಟಿಯನ್ನು ಒಮ್ಮೆ ಓದತಕ್ಕದ್ದು.

ಹಾಗಾದರೆ ನಾಲ್ಕು ಮಂದಿಯ ಕುಟುಂಬ ಏನು ಮಾಡಬೇಕು? ಲೆಕ್ಕ ಹಾಕಿ ನೋಡೋಣ. 5,000 ಮಿಲಿಆಂಪಿಯರ್-ಗಂಟೆಯ ಮೊಬೈಲ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಚಾರ್ಜಾಗುವಾಗಿನ ನಷ್ಟ ಸೇರಿಸಿ 25 ಎನ್ನೋಣ. ನಾಲ್ಕು ಮೊಬೈಲಿಗೆ 100, ಒಂದು ಲ್ಯಾಪ್‌ಟಾಪಿಗೆ 70, ಒಟ್ಟು 170. ಅಂದರೆ ದಿನಕ್ಕೆ ಕಾಲು ಯೂನಿಟ್ ಕೂಡ ಇಲ್ಲ. ಮನೆಯ ದರದಲ್ಲಿ ಎರಡು ರೂಪಾಯಿಗೂ ಕಡಿಮೆ. ಹಾಗಾಗಿ ಕೊರತೆ ಇರುವುದು ವಿದ್ಯುತ್ತಿನದಲ್ಲ, ಸಾಕೆಟ್ಟಿನದು. ಮೂರು ನಾಲ್ಕು ಯುಎಸ್‌ಬಿ ಕಿಂಡಿಗಳುಳ್ಳ, ಎರಡು ಪಿನ್ನಿನ, 65 ವ್ಯಾಟಿನ ಒಳ್ಳೆಯ ಚಾರ್ಜರೊಂದಿದ್ದರೆ ಒಂದೇ ಸಾಕೆಟ್ಟಿನಿಂದ ರಾತ್ರಿಯೊಳಗೆ ಇವೆಲ್ಲವೂ ತುಂಬುತ್ತವೆ. ಟೈಪ್-ಸಿ ಕಿಂಡಿಯಿಂದ ಚಾರ್ಜಾಗುವ ಲ್ಯಾಪ್‌ಟಾಪಿಗೂ ಅದೇ ಸಾಕು. ಚಾರ್ಜರಿನ ಮೇಲೆ ಬಿಐಎಸ್ ನೋಂದಣಿಯ ಗುರುತು ಇದೆಯೇ ಎಂದು ನೋಡಿ ಕೊಳ್ಳಿರಿ; ಬೀದಿಬದಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವುದನ್ನು ನಾನು ಖಂಡಿತ ಶಿಫಾರಸು ಮಾಡೆನು. ಲ್ಯಾಪ್‌ಟಾಪು ಹಳೆಯದಾದರೆ ಅದರ ಅಡಾಪ್ಟರಿಗೆ ಹೊಂದುವ ಯುರೋಪಿಯನ್ ಪ್ಲಗ್ಗಿನ ಕೇಬಲನ್ನು ಪ್ರತ್ಯೇಕವಾಗಿ ಕೊಳ್ಳಬಹುದು.

ಕೆಲವು ಹಡಗುಗಳಲ್ಲಿ ಬಾಗಿಲ ಬಳಿಯ ಕಿಂಡಿಯಲ್ಲಿ ಕಾರ್ಡನ್ನು ಇಟ್ಟರೆ ಮಾತ್ರ ದೀಪಗಳು ಉರಿಯುತ್ತವೆ. ಕಾರ್ಡು ತೆಗೆದೊಡನೆ ಕೆಲವು ಸಾಕೆಟ್ಟುಗಳೂ ನಿಲ್ಲಬಹುದು. ಊಟಕ್ಕೆ ಹೋಗುವ ಮುನ್ನ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ನಿದ್ರೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬಳಸುವವರು ಮಂಚದ ಬಳಿ ಸಾಕೆಟ್ಟಿಲ್ಲವೆಂದು ಗಾಬರಿಪಡಬೇಕಿಲ್ಲ. ಟಿಕೆಟ್ಟು ಕಾಯ್ದಿರಿಸುವಾಗಲೇ ತಿಳಿಸಿದರೆ ಹಡಗಿನವರೇ ತಮ್ಮ ತಂತಿಯನ್ನು ಒದಗಿಸುತ್ತಾರೆ. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ವೈಫೈ ಮಾತ್ರ ಬಳಸುವುದು ಒಳ್ಳೆಯದು. ಸಂಕೇತಕ್ಕಾಗಿ ತಡಕಾಡುವ ಮೊಬೈಲು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಡಗಿನ ಉಪಗ್ರಹ ಜಾಲಕ್ಕೆ ಸಿಕ್ಕಿಕೊಂಡರೆ ಬರುವ ರೋಮಿಂಗ್ ಬಿಲ್ಲನ್ನು ಯಾವ ಖರ್ಚಿನ ತಲೆಬರಹದಡಿ ಹಾಕುವುದೆಂದು ನನ್ನನ್ನು ಕೇಳಬೇಡಿ.

ಪವರ್ ಬ್ಯಾಂಕ್ ಒಯ್ಯುವವರು ಮೊದಲು ವಿಮಾನದ ನಿಯಮವನ್ನು ದಾಟಬೇಕು. ಅದು ಕೈಚೀಲದಲ್ಲಿಯೇ ಇರಬೇಕು, 100 ವ್ಯಾಟ್-ಗಂಟೆಯನ್ನು ಮೀರಬಾರದು. 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಮಿಲಿಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. 20,000ದ್ದು 74 ಆಗುತ್ತದೆ, ತೊಂದರೆಯಿಲ್ಲ. 30,000ದ್ದು 111 ಆಗಿ ಮಿತಿ ಮೀರುತ್ತದೆ.

ಇಲ್ಲಿ ಒಂದು ವಿಷಯಾಂತರ. ವೃತ್ತಿಯ ಅಭ್ಯಾಸವನ್ನು ಬಿಡಲಾಗದು. ಕಂಪನಿ ಕೊಟ್ಟ ಪ್ರವಾಸವು ವ್ಯಾಪಾರದಿಂದ ಬಂದ ಪ್ರಯೋಜನವಾಗಿದ್ದು, ತೆರಿಗೆಗೆ ಒಳಪಡುತ್ತದೆ. 2022ರ ಜುಲೈ 1ರಿಂದ ಬಂದ 194ಆರ್ ಕಲಮು, ವರ್ಷದಲ್ಲಿ 20,000 ರೂಪಾಯಿ ಮೀರಿದ ಇಂತಹ ಪ್ರಯೋಜನಗಳ ಮೇಲೆ ಶೇಕಡಾ 10ರ ಮೂಲ ತೆರಿಗೆ ಕಡಿತವನ್ನು ವಿಧಿಸಿತು. ಪ್ರವಾಸ ಮುಗಿಸಿ ಬಂದವರು ಕಂಪನಿಯು ಎಷ್ಟು ಮೌಲ್ಯವನ್ನು ತೋರಿಸಿದೆ ಎಂಬುದನ್ನು ಬರಹದಲ್ಲಿ ಪಡೆದು ಲೆಕ್ಕಿಗರಿಗೆ ಒಪ್ಪಿಸಬೇಕು.

ತಯಾರಕರಿಗೆ ಇದರಲ್ಲಿ ದೊಡ್ಡ ಮಾರುಕಟ್ಟೆ ಇದೆಯೆಂದು ನಾನು ಹೇಳಲಾರೆ. ಆದರೂ ಡೀಲರುಗಳನ್ನು ಹಡಗಿಗೆ ಕಳುಹಿಸುವ ಕಂಪನಿಗಳು ಹೆಸರು ಮುದ್ರಿಸಿದ ಟೋಪಿ, ಬ್ಯಾಗುಗಳ ಬದಲು ಒಂದು ಬಹುಕಿಂಡಿಯ ಚಾರ್ಜರನ್ನೂ ಒಂದು ಯುರೋಪಿಯನ್ ಕೇಬಲನ್ನೂ ಕೊಡಬಹುದಲ್ಲವೇ? ಮಾನಕದಂತೆ ಮಾಡಿಕೊಡಬಲ್ಲ ಘಟಕಗಳು ನಮ್ಮಲ್ಲಿಯೇ ಇವೆ.

ನನ್ನ ಎಕ್ಸ್‌ಟೆನ್ಷನ್ ಬೋರ್ಡನ್ನು ಕೊನೆಯ ದಿನ ಬೆಳಿಗ್ಗೆ ಉದ್ದನೆಯ ಸಾಲಿನಲ್ಲಿ ನಿಂತು, ಚೀಟಿ ತೋರಿಸಿ ಹಿಂದಕ್ಕೆ ಪಡೆದೆನು. ನನ್ನ ಮುಂದೆ ನಿಂತಿದ್ದವರಲ್ಲಿ ಹೆಚ್ಚಿನವರು ನಮ್ಮ ತಂಡದವರೇ ಆಗಿದ್ದರು.