14 ಪಂದ್ಯಗಳ ಲೆಕ್ಕ

ಅಮೆರಿಕದ ಎನ್‌ಸಿಎಎ ಮೂರನೇ ಡಿವಿಷನ್‌ನಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ. ಆಡೋರು ನಮ್ಮ ಹಾಗೇ ಅಸೈನ್‌ಮೆಂಟ್ ಮುಗಿಸಿ ಬರೋ ವಿದ್ಯಾರ್ಥಿಗಳು. ಅಲ್ಲಿನ ಪುರುಷರ ಬ್ಯಾಸ್ಕೆಟ್‌ಬಾಲನ್ನು ಹಿಂಬಾಲಿಸೋದು ಹೇಗೆ? ಯುಎಎ ಕಾನ್ಫರೆನ್ಸನ್ನೇ ಉದಾಹರಣೆಯಾಗಿ ನೋಡೋಣ.

ಕಾರ್ನೆಗಿ ಮೆಲನ್, ಎನ್‌ವೈಯು, ಎಮೊರಿ, ಶಿಕಾಗೊ ಸೇರಿ 8 ವಿಶ್ವವಿದ್ಯಾಲಯಗಳು. ಪ್ರತಿ ತಂಡ ಉಳಿದ 7 ತಂಡಗಳ ಜೊತೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡುತ್ತೆ. ಒಟ್ಟು 14 ಪಂದ್ಯ. ಸೀಸನ್ ನವೆಂಬರಿನಲ್ಲೇ ಶುರುವಾದರೂ ಈ ಲೆಕ್ಕ ತೆರೆಯೋದು ಜನವರಿಯಲ್ಲಿ.

ಬಹುತೇಕ ಕಾನ್ಫರೆನ್ಸ್‌ಗಳಲ್ಲಿ ಕೊನೆಗೆ ನಾಕೌಟ್ ಟೂರ್ನಿ ಇರುತ್ತೆ. ಅದನ್ನು ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಯುಎಎಯಲ್ಲಿ ಅದಿಲ್ಲ. 14 ಪಂದ್ಯಗಳ ಪಟ್ಟಿಯಲ್ಲಿ ಮೊದಲು ಬಂದವರಿಗೇ ಆ ಸೀಟು. ಉಳಿದವರು ಮಿಕ್ಕ ಸೀಟುಗಳತ್ತ ನೋಡುತ್ತಾ ಕೂರಬೇಕು. ಹಾಗಾಗಿ ಜನವರಿಯ ಸೋಲೂ ಫೆಬ್ರವರಿಯ ಸೋಲಿನಷ್ಟೇ ದುಬಾರಿ.

ಪಟ್ಟಿ ಓದುವಾಗ ಮೊದಲು ಸೋಲಿನ ಕಾಲಂ ನೋಡಿ. 5 ಗೆಲುವು 1 ಸೋಲಿನ ತಂಡ, 6 ಗೆಲುವು 2 ಸೋಲಿನ ತಂಡಕ್ಕಿಂತ ಮೇಲೆ. ಆಮೇಲೆ ಉಳಿದ ಪಂದ್ಯಗಳಲ್ಲಿ ತವರಿನವು ಎಷ್ಟು ಅಂತ ಎಣಿಸಿ. ಯಾಕೆಂದರೆ ಹೊರಗಿನ ವಾರಾಂತ್ಯ ಅಂದ್ರೆ ಸಾಮಾನ್ಯವಾಗಿ ಶುಕ್ರವಾರ ಒಂದೂರು, ಭಾನುವಾರ ಇನ್ನೊಂದೂರು. ಸೋಮವಾರ ಮತ್ತೆ ಕ್ಲಾಸು.

ಕೊನೇ ವರ್ಷದ ಬಹುಪಾಲು ಹುಡುಗರಿಗೆ ಫೆಬ್ರವರಿಯ ಆ ಪಂದ್ಯವೇ ಜೀವನದ ಕೊನೇ ದೊಡ್ಡ ಪಂದ್ಯ. ಪಟ್ಟಿಯ ತಳದಲ್ಲಿರೋ ತಂಡದ ಆಟಕ್ಕೂ ಒಮ್ಮೆ ಹೋಗಿ ಬರೋಣ.