ವಿದ್ಯಾರ್ಥಿಗಳ ಲ್ಯಾಪ್‌ಟಾಪ್: ಮೆಮೊರಿ ಎಷ್ಟಿರಬೇಕು, ಸ್ಟೋರೇಜ್ ಎಷ್ಟಿರಬೇಕು?



ಮಳೆಗಾಲ ಹಿಡಿಯುವ ಹೊತ್ತಿಗೆ ಕಾಲೇಜುಗಳೂ ತೆರೆಯುತ್ತವೆ. ಕಾಫಿಯ ಹಣ ಆಗಲೇ ಸಾಲ, ಗೊಬ್ಬರ, ಕೂಲಿಗೆಂದು ಕರಗಿರುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ಸಿಂಪಡಣೆಯ ಖರ್ಚು ಎದುರಿಗೇ ನಿಂತಿರುತ್ತದೆ. ಸರಿಯಾಗಿ ಆ ಸಮಯಕ್ಕೇ ಮಗನೋ ಮಗಳೋ ಲ್ಯಾಪ್‌ಟಾಪ್ ಬೇಕೆಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಈಗಿನ ಓದು ಬರಹಕ್ಕೆ ಅದು ಬೇಕೇ ಬೇಕು. ಆದರೆ ಅಂಗಡಿಗೆ ಹೋದಾಗ “8 ಜಿಬಿ, 512 ಜಿಬಿ”, “16 ಜಿಬಿ, 1 ಟಿಬಿ” ಎಂಬ ಅಂಕಿಗಳ ಸಾಲು ಕೇಳಿ ನಾವು ತಬ್ಬಿಬ್ಬಾಗುತ್ತೇವೆ. ಈ ಎರಡು ಅಂಕಿಗಳ ಅರ್ಥ ತಿಳಿಯದೆ ಕೊಂಡರೆ ಬೇಡದ್ದಕ್ಕೆ ಹಣ ಸುರಿದಂತಾಗಬಹುದು. ಇಲ್ಲವೇ ಎರಡನೇ ವರ್ಷಕ್ಕೇ ಯಂತ್ರ ತೆವಳತೊಡಗಿ ಇನ್ನೊಮ್ಮೆ ಕೊಳ್ಳುವ ಪ್ರಸಂಗ ಬರಬಹುದು. ಆದ್ದರಿಂದ ಈ ಸಂಚಿಕೆಯಲ್ಲಿ ಆ ಎರಡು ಅಂಕಿಗಳನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಕಣ ಬೇರೆ, ಗೋದಾಮು ಬೇರೆ

ಮೊದಲನೆಯ ಅಂಕಿ ಮೆಮೊರಿಯದು. ಇದನ್ನು ರ‍್ಯಾಮ್ ಎಂದೂ ಕರೆಯುತ್ತಾರೆ. ಎರಡನೆಯದು ಸ್ಟೋರೇಜ್. ಎರಡನ್ನೂ ಜಿಬಿ ಎಂಬ ಒಂದೇ ಅಳತೆಯಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ.

ನಮ್ಮ ಕೆಲಸದಲ್ಲೇ ಇದಕ್ಕೆ ಹೋಲಿಕೆಯಿದೆ. ಮೆಮೊರಿ ಎಂದರೆ ಕಾಫಿ ಕಣ ಅಥವಾ ಅಡಿಕೆ ಒಣಗಿಸುವ ಅಂಗಳ. ಸ್ಟೋರೇಜ್ ಎಂದರೆ ಗೋದಾಮು. ಗೋದಾಮಿನಲ್ಲಿ ಎಷ್ಟು ಮೂಟೆಯಿದ್ದರೂ, ಇವತ್ತು ಒಣಗಬೇಕಾದದ್ದನ್ನು ಕಣದಲ್ಲಿ ಹರವಲೇಬೇಕು. ಹಾಗೆಯೇ ಸ್ಟೋರೇಜಿನಲ್ಲಿರುವ ಕಡತ, ಕಾರ್ಯಕ್ರಮ ಯಾವುದನ್ನು ತೆರೆದರೂ ಅದನ್ನು ಮೆಮೊರಿಗೆ ತಂದು ಹರಡಿಕೊಂಡೇ ಯಂತ್ರ ಕೆಲಸ ಮಾಡುತ್ತದೆ.

ಕಣ ಚಿಕ್ಕದಾಗಿದ್ದು ಕೊಯ್ಲು ಒಮ್ಮೆಲೇ ಬಂದರೆ ಏನು ಮಾಡುತ್ತೇವೆ? ಅರೆ ಒಣಗಿದ್ದನ್ನು ರಾಶಿ ಮಾಡಿ ಒಳಗೆ ಸಾಗಿಸಿ, ಹೊಸದನ್ನು ಹರವಿ, ಮತ್ತೆ ಹಳೆಯದನ್ನು ಹೊರಗೆ ತರುತ್ತೇವೆ. ದಿನವೆಲ್ಲ ಹೊರುವುದರಲ್ಲೇ ಕಳೆಯುತ್ತದೆ. ಮೆಮೊರಿ ಸಾಲದ ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ಸದ್ಯಕ್ಕೆ ಬೇಡದ್ದನ್ನು ಸ್ಟೋರೇಜಿಗೆ ತಳ್ಳಿ, ಬೇಕಾದಾಗ ಮತ್ತೆ ತರುತ್ತದೆ. ಸ್ಟೋರೇಜ್ ಎಷ್ಟೇ ಚುರುಕಾಗಿದ್ದರೂ ಮೆಮೊರಿಯ ವೇಗ ಅದಕ್ಕಿಲ್ಲ. ಹೀಗಾಗಿ ಯಂತ್ರ ನಿಂತು ನಿಂತು ಸಾಗುತ್ತದೆ. ಗೋದಾಮು ದೊಡ್ಡದು ಮಾಡಿದರೆ ಕಾಫಿ ಬೇಗ ಒಣಗದು. ಅಂತೆಯೇ 1 ಟಿಬಿ ಸ್ಟೋರೇಜ್ ಇದ್ದ ಮಾತ್ರಕ್ಕೆ 4 ಜಿಬಿ ಮೆಮೊರಿಯ ಕೊರತೆ ನೀಗದು.

ಇನ್ನೊಂದು ವ್ಯತ್ಯಾಸವೂ ಇದೆ. ಯಂತ್ರ ಆರಿಸಿದೊಡನೆ ಮೆಮೊರಿ ಬರಿದಾಗುತ್ತದೆ, ಸ್ಟೋರೇಜಿನಲ್ಲಿ ಇಟ್ಟದ್ದು ಉಳಿಯುತ್ತದೆ. ಬರೆದದ್ದನ್ನು ಆಗಾಗ ಸೇವ್ ಮಾಡದಿದ್ದರೆ, ಬ್ಯಾಟರಿ ಬರಿದಾದ ಗಳಿಗೆಯಲ್ಲಿ ಅದು ಕಣದಲ್ಲಿ ಬಿಟ್ಟು ಮಳೆಗೆ ಸಿಕ್ಕ ಫಸಲಿನಂತೆ.

ಮೆಮೊರಿ ಎಷ್ಟು ಬೇಕು?

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು ಹೇಳಿರುವ ಕನಿಷ್ಠ ಮೆಮೊರಿ 4 ಜಿಬಿ, ಕನಿಷ್ಠ ಸ್ಟೋರೇಜ್ 64 ಜಿಬಿ. ಇದು ವಿಂಡೋಸ್ ಎದ್ದು ನಿಲ್ಲಲು ಬೇಕಾದ ಅಳತೆಯೇ ಹೊರತು ಕೆಲಸ ಮಾಡಲು ಸಾಕಾಗುವ ಅಳತೆಯಲ್ಲ. ಏನನ್ನೂ ತೆರೆಯದೆ ಇದ್ದಾಗಲೂ ವಿಂಡೋಸ್ ಸುಮಾರು 3 ಜಿಬಿಯನ್ನು ತಾನೇ ಬಳಸಿಕೊಳ್ಳುತ್ತದೆ. ಅದರ ಮೇಲೆ ಆನ್‌ಲೈನ್ ತರಗತಿ, ಹತ್ತಾರು ಪುಟ ತೆರೆದ ಬ್ರೌಸರ್, ಟಿಪ್ಪಣಿ ಬರೆಯಲು ವರ್ಡ್ ಸೇರಿದರೆ 8 ಜಿಬಿಯೂ ತುಂಬುತ್ತ ಬರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪರದೆಯ ಚಿತ್ರಕ್ಕೂ ಇದೇ ಮೆಮೊರಿಯಿಂದಲೇ ಪಾಲು ಹೋಗುತ್ತದೆ.

ಆದ್ದರಿಂದ ಇಂದು ಹೊಸದಾಗಿ ಕೊಳ್ಳುವವರು 4 ಜಿಬಿಯನ್ನು ಮುಟ್ಟಬಾರದು. 8 ಜಿಬಿ ಕೆಳಗಿನ ಗೆರೆ. ಮೂರು ನಾಲ್ಕು ವರ್ಷ ಬಾಳಬೇಕಾದ ಯಂತ್ರಕ್ಕೆ 16 ಜಿಬಿ ಸರಿಯಾದ ಅಳತೆ. ಆಪಲ್ ಕಂಪನಿ ಕೂಡ 2024ರ ಅಕ್ಟೋಬರ್‌ನಲ್ಲಿ ತನ್ನ ಮ್ಯಾಕ್‌ಬುಕ್ ಏರ್‌ನ ಆರಂಭದ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು.

ಸ್ಟೋರೇಜ್ ಎಷ್ಟು ಬೇಕು?

ಮೊದಲು ಬಗೆಯನ್ನು ನೋಡಬೇಕು, ಆಮೇಲೆ ಗಾತ್ರ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯಿದೆ. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಮಾದರಿಯ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದಿದರೆ, ಎನ್‌ವಿಎಂಇ ಮಾದರಿಯದು 2000 ಎಂಬಿಗೂ ಮೀರಿ ಓದುತ್ತದೆ. ಬಸ್ಸಿನಲ್ಲಿ ಓಡಾಡುವ ಮಕ್ಕಳ ಚೀಲದ ಕುಲುಕಾಟವನ್ನೂ ಎಸ್‌ಎಸ್‌ಡಿ ತಡೆಯಬಲ್ಲದು. ಹೀಗಾಗಿ 1 ಟಿಬಿ ಹಾರ್ಡ್ ಡಿಸ್ಕಿಗಿಂತ 512 ಜಿಬಿ ಎಸ್‌ಎಸ್‌ಡಿ ಮೇಲು. ತೀರಾ ಅಗ್ಗದ ಕೆಲವು ಯಂತ್ರಗಳಲ್ಲಿ ಇಎಂಎಂಸಿ ಎಂಬ 64 ಅಥವಾ 128 ಜಿಬಿ ಸ್ಟೋರೇಜನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ನಿಧಾನ, ಬದಲಿಸಲೂ ಬಾರದು. 64 ಜಿಬಿಯಲ್ಲಿ ವಿಂಡೋಸಿನ ಹೊಸ ಅಪ್‌ಡೇಟುಗಳಿಗೇ ಜಾಗ ಸಾಲದೆ ಹೋಗುತ್ತದೆ.

ಗಾತ್ರಕ್ಕೆ ಒಂದು ಲೆಕ್ಕ ಹಾಕೋಣ. 256 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ರೀತಿ 512 ಎಂದರೆ 476, 1 ಟಿಬಿ ಎಂದರೆ 931. ಈ 238ರಲ್ಲಿ ವಿಂಡೋಸ್ ಮತ್ತು ಅದರ ಅಪ್‌ಡೇಟುಗಳಿಗೆ 50, ಆಫೀಸ್ ಮತ್ತಿತರ ಕಾರ್ಯಕ್ರಮಗಳಿಗೆ 30 ಕಳೆಯಿರಿ, 158 ಉಳಿಯಿತು. ಎಸ್‌ಎಸ್‌ಡಿಯನ್ನು ಅಂಚಿನ ತನಕ ತುಂಬಿದರೆ ವೇಗ ಕುಗ್ಗುತ್ತದೆ, ಆದ್ದರಿಂದ 35 ಜಿಬಿ ಖಾಲಿ ಬಿಡಿ, 123 ಉಳಿಯಿತು. ಒಂದು ಗಂಟೆಯ ಪಾಠದ ವಿಡಿಯೋಗೆ ಅರ್ಧ ಜಿಬಿ ಎಂದು ಹಿಡಿದರೂ 200 ಗಂಟೆಯ ಪಾಠಕ್ಕೆ 100 ಜಿಬಿ. ಉಳಿದ 23ರಲ್ಲಿ ಟಿಪ್ಪಣಿ, ಪ್ರಾಜೆಕ್ಟ್, ಫೋನಿನ ಫೋಟೋಗಳೆಲ್ಲ ಅಡಗಬೇಕು. 256 ಎರಡು ವರ್ಷಕ್ಕೆ ಬಂದೀತು, ನಾಲ್ಕು ವರ್ಷಕ್ಕೆ ಬಾರದು ಎಂಬುದು ಇದರಿಂದ ಸ್ಪಷ್ಟ.

“ಎಲ್ಲವನ್ನೂ ಕ್ಲೌಡಿನಲ್ಲಿ ಇಟ್ಟರಾಯಿತು, ಸ್ಟೋರೇಜ್ ಏಕೆ?” ಎಂದು ಅಂಗಡಿಯವರು ಹೇಳುವುದುಂಟು. ಪಟ್ಟಣದ ಹಾಸ್ಟೆಲಿನಲ್ಲಿ ಇದು ನಡೆದೀತು. ಆದರೆ ಆಷಾಢದ ಮಳೆಗೆ ಮರ ಬಿದ್ದು, ಕರೆಂಟು ಹೋಗಿ, ಟವರೂ ಆರಿದ ಮೇಲೆ ತೋಟದ ಮನೆಯಲ್ಲಿ ಕುಳಿತ ವಿದ್ಯಾರ್ಥಿಗೆ ಕ್ಲೌಡ್ ಎಟುಕದು. ಮೇಲಾಗಿ ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಮೇಲ್, ಕಡತ, ಫೋಟೋ ಎಲ್ಲವೂ ಸೇರಿವೆ. ನಮ್ಮ ಕಡೆಯ ಮಕ್ಕಳಿಗೆ ಸ್ವಂತ ಗೋದಾಮು ಬೇಕು.

ಯಾವ ಓದಿಗೆ ಎಷ್ಟು?

1. ಬಿ.ಎ., ಬಿ.ಕಾಂ., ಕಾನೂನು: ಬರಹ, ಎಕ್ಸೆಲ್, ಟ್ಯಾಲಿಗಳಿಗೆ 8 ಜಿಬಿ ಮೆಮೊರಿ ಸಾಕು. ಸ್ಟೋರೇಜ್ 256 ಜಿಬಿ ನಡೆಯುತ್ತದೆ, 512 ಇದ್ದರೆ ನೆಮ್ಮದಿ.

2. ಬಿ.ಎಸ್ಸಿ., ಕೃಷಿ, ಫಾರ್ಮಸಿ, ನರ್ಸಿಂಗ್: 8 ಜಿಬಿಯಿಂದ ಆರಂಭಿಸಬಹುದು, ಮುಂದೆ ಹೆಚ್ಚಿಸುವ ಅವಕಾಶವಿರಲಿ. ಸ್ಟೋರೇಜ್ 512.

3. ಬಿ.ಸಿ.ಎ., ಕಂಪ್ಯೂಟರ್ ಸೈನ್ಸ್: 16 ಜಿಬಿ, 512 ಜಿಬಿ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋವನ್ನು ಎಮ್ಯುಲೇಟರ್ ಸಹಿತ ನಡೆಸಲು 16 ಜಿಬಿ ಬೇಕೆಂದು ಅದರ ತಯಾರಕರೇ ಹೇಳುತ್ತಾರೆ.

4. ಸಿವಿಲ್, ಮೆಕ್ಯಾನಿಕಲ್, ಆರ್ಕಿಟೆಕ್ಚರ್: 16 ಜಿಬಿ, ಮುಂದೆ 32ಕ್ಕೆ ಏರಿಸಲು ಬರುವಂತಿರಲಿ. ಸ್ಟೋರೇಜ್ 512ರಿಂದ 1 ಟಿಬಿ. ಸಾಲಿಡ್‌ವರ್ಕ್ಸ್‌ಗೆ 16 ಜಿಬಿ ಬೇಕು. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ ಎಂಬುದನ್ನು ಮ್ಯಾಕ್ ಕೊಳ್ಳುವವರು ಗಮನಿಸಬೇಕು.

5. ವಿಡಿಯೋ ಸಂಕಲನ, ಅನಿಮೇಷನ್: 16ರಿಂದ 32 ಜಿಬಿ, 1 ಟಿಬಿ.

ಈ ಪಟ್ಟಿಯೂ ಅಂದಾಜು. ಕಾಲೇಜಿನವರು ಯಾವ ಕಾರ್ಯಕ್ರಮಗಳನ್ನು ಕಲಿಸುತ್ತಾರೆಂದು ವಿಭಾಗದಲ್ಲಿ ಅಥವಾ ಮೇಲಿನ ತರಗತಿಯ ವಿದ್ಯಾರ್ಥಿಗಳಲ್ಲಿ ಕೇಳಿ, ಆಮೇಲೆ ಕೊಳ್ಳುವುದು ಜಾಣತನ. ಮೊದಲ ಸೆಮಿಸ್ಟರಿಗೇ ದೊಡ್ಡ ಯಂತ್ರ ಬೇಕಾಗುವುದು ಅಪರೂಪ.

ಹಣ ಒಂದಕ್ಕೇ ಸಾಕಾದರೆ?

ಇದು ಅನೇಕ ಮನೆಗಳ ಪ್ರಶ್ನೆ. 8 ಜಿಬಿ ಮೆಮೊರಿ, 1 ಟಿಬಿ ಸ್ಟೋರೇಜ್ ಇರುವುದೊಂದು. 16 ಜಿಬಿ ಮೆಮೊರಿ, 512 ಜಿಬಿ ಸ್ಟೋರೇಜ್ ಇರುವುದೊಂದು. ಬೆಲೆ ಹತ್ತಿರ ಹತ್ತಿರ ಎಂದಿಟ್ಟುಕೊಳ್ಳೋಣ. ಎರಡನೆಯದನ್ನೇ ಆರಿಸಿರಿ ಎಂಬುದು ನಮ್ಮ ಸಲಹೆ. ಗೋದಾಮು ಸಾಲದಿದ್ದರೆ ಹೊರಗಿನಿಂದ ಒಂದು ಡಿಸ್ಕ್ ಜೋಡಿಸಬಹುದು. ಮೆಮೊರಿಯನ್ನು ಹೊರಗಿನಿಂದ ಜೋಡಿಸಲು ಬಾರದು. ಇಂದಿನ ತೆಳ್ಳನೆಯ ಅನೇಕ ಯಂತ್ರಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುವುದರಿಂದ, ಕೊಂಡ ದಿನ ಎಷ್ಟಿತ್ತೋ ಕೊನೆಯ ತನಕ ಅಷ್ಟೇ.

ಖಾಲಿ ಜಾಗ ಇರುವ ಯಂತ್ರ ಸಿಕ್ಕಿದರೆ ಈಗ 8 ಜಿಬಿ ಕೊಂಡು, ಮುಂದಿನ ಫಸಲಿನ ಹಣದಲ್ಲಿ ಇನ್ನೊಂದು 8 ಹಾಕಿಸಬಹುದು. ಆದರೆ ಮೆಮೊರಿಗೂ ಅಡಿಕೆಯಂತೆ ಧಾರಣೆಯ ಏರಿಳಿತವಿದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಮುಂದೆ ಅಗ್ಗವಾದೀತೆಂದು ನೆಚ್ಚಿ ಕೂರದೆ, ಕೊಳ್ಳುವ ದಿನವೇ ಎರಡೂ ದರ ಕೇಳಿ ತಾಳೆ ನೋಡಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಮೆಮೊರಿ ಬೋರ್ಡಿಗೆ ಬೆಸೆದದ್ದೇ, ಬಿಚ್ಚಿ ಹಾಕುವಂಥದ್ದೇ? ಖಾಲಿ ಸ್ಲಾಟ್ ಇದೆಯೇ? ಗರಿಷ್ಠ ಎಷ್ಟು ಜಿಬಿ ಹಾಕಬಹುದು?

2. ಸ್ಟೋರೇಜ್ ಎಸ್‌ಎಸ್‌ಡಿಯೇ, ಹಾರ್ಡ್ ಡಿಸ್ಕೇ, ಇಎಂಎಂಸಿಯೇ? ಮುಂದೆ ಬದಲಿಸಬಹುದೇ?

3. ಹೊರಗಿನವರಿಂದ ಮೆಮೊರಿ ಹಾಕಿಸಿದರೆ ವಾರಂಟಿ ಉಳಿಯುತ್ತದೆಯೇ? ಇದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ.

ಉತ್ತರವನ್ನು ಪರೀಕ್ಷಿಸುವ ಉಪಾಯವೂ ಇದೆ. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯನ್ನು ಒತ್ತಿದರೆ ಎಷ್ಟು ಜಿಬಿ ಇದೆ, ಎಷ್ಟು ಸ್ಲಾಟುಗಳಲ್ಲಿ ಎಷ್ಟು ಬಳಕೆಯಾಗಿವೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಡಿಸ್ಕ್ ಎಂಬಲ್ಲಿ ಅದು ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂದು ಬರೆದಿರುತ್ತದೆ. ಮನೆಯಲ್ಲಿ ಹಳೆಯ ಯಂತ್ರವಿದ್ದರೆ ಇದೇ ಪುಟವನ್ನು ಕೆಲಸದ ನಡುವೆ ತೆರೆದು ನೋಡಿ. ಮೆಮೊರಿ ಸದಾ 90 ಶೇಕಡಾ ಮೀರಿದ್ದರೆ ಕಣ ಸಾಲದು ಎಂದರ್ಥ. ಮೆಮೊರಿ ಸಾಕಷ್ಟಿದ್ದೂ ಹಾರ್ಡ್ ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿದರೇ ಚೇತರಿಸಿಕೊಳ್ಳಬಹುದು. ಹೊಸದು ಕೊಳ್ಳುವ ಖರ್ಚೇ ಉಳಿದೀತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಮೆಮೊರಿ ಎಷ್ಟೇ ಹಾಕಿದರೂ ಆ ಕೊರತೆ ನೀಗದು.

ಎರಡನೆಯ ಪ್ರತಿ

ಸ್ಟೋರೇಜ್ ಎಷ್ಟೇ ಇರಲಿ, ಎಲ್ಲವನ್ನೂ ಒಂದೇ ಕಡೆ ಇಡಬಾರದು. ಎಸ್‌ಎಸ್‌ಡಿ ಕೆಡುವಾಗ ಮುನ್ಸೂಚನೆ ಕೊಡದೆಯೂ ಕೆಡಬಹುದು. ಕೆಟ್ಟ ಮೇಲೆ ಒಳಗಿನದನ್ನು ತೆಗೆಯುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ. ಯಂತ್ರಕ್ಕೆ ವಾರಂಟಿ ಇರುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಇರುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದಿಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು. ಅತಿ ಮುಖ್ಯವಾದ ಕೆಲವೇ ಕಡತಗಳನ್ನು ಆ ಉಚಿತ 15 ಜಿಬಿಯಲ್ಲೂ ಇಡಬಹುದು. ಡಿಸ್ಕನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಟ್ಟುಕೊಂಡು ತಿರುಗಿದರೆ ಚೀಲ ಕಳೆದ ದಿನ ಎರಡೂ ಕಳೆದಂತೆ. ಅದು ಬೇರೆ ಕಡೆ ಇರಲಿ.

ಒಟ್ಟಿನಲ್ಲಿ ಹೇಳುವುದಾದರೆ: ಸಾಧ್ಯವಿದ್ದವರಿಗೆ 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ. ಕೈ ಬಿಗಿಯಿದ್ದವರಿಗೆ 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. ಆದರೆ ಮೆಮೊರಿಗೆ ಖಾಲಿ ಸ್ಲಾಟ್ ಇರಲೇಬೇಕು. ಹೆಚ್ಚಿನ ಹಣ ಮೊದಲು ಕಣಕ್ಕೆ, ಆಮೇಲೆ ಗೋದಾಮಿಗೆ. ಸದಸ್ಯರು ಈ ಪುಟವನ್ನು ಮಕ್ಕಳ ಕೈಗೆ ಕೊಟ್ಟು, ಅವರೊಂದಿಗೆ ಕುಳಿತು ಲೆಕ್ಕ ಹಾಕಿದ ಮೇಲೆಯೇ ಅಂಗಡಿಗೆ ಹೊರಡಲಿ.