ಹಾನಗಲ್ಲಿನ ಹಲಗೆ ಸವಣೂರಿಗೆ ಹೋದಾಗ

ರಜೆಯಲ್ಲಿ ಹಾನಗಲ್ಲಿನ ಮನೆ ಹಿತ್ತಲ ಶೆಡ್‌ನಲ್ಲಿ ನಾವು ಮೂವರು ಬಡಗಿ ಕೆಲಸಕ್ಕೆ ಜಾಗ ಮಾಡ್ಕೊಂಡ್ವಿ. ಮೊದಲು ಯಾವ ಮಶಿನ್ ತಗೋಬೇಕು ಅಂತ ಜಗಳ. ಓಣಿಯ ಬಡಿಗೇರ ಕಾಕಾ ನಕ್ಕು, "ಮೊದ್ಲ ಕಟಗಿ ಒಣಗಸ್ರೋ, ಆಮ್ಯಾಲ ಮಶಿನ್" ಅಂದ್ರು. ಕೇಳಲಿಲ್ಲ. ಮಳೆಗಾಲದಲ್ಲಿ ತಂದ ಸಾಗವಾನಿ ಹಲಗೆಗಳಿಗೆ ಬಿಗಿಯಾಗಿ ಸ್ಕ್ರೂ ಹಾಕಿ, ಟೇಬಲ್ ಮಾಡಿ ಸವಣೂರಿನ ಗೆಳೆಯನಿಗೆ ಕೊಟ್ವಿ. ಅವನು ಅದರ ಮೇಲೇ ಓದಬೇಕಿತ್ತು. ಮಾರ್ಚ್‌ನಲ್ಲಿ ನಟ್ಟನಡುವೆ ಸೀಳಿತು.

ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗೋದೇ ಇಲ್ಲ, ಅಗಲಕ್ಕೆ ಕುಗ್ಗುತ್ತೆ. ತೇವಾಂಶ ಸುಮಾರು ಶೇ. 30ಕ್ಕಿಂತ ಇಳಿದ ಮೇಲೆ ಇದು ಶುರು. ಪೂರ್ತಿ ಒಣಗುವಷ್ಟರಲ್ಲಿ ಸಾಗವಾನಿ ಬೆಳವಣಿಗೆಯ ಉಂಗುರದ ಗುಂಟ ಶೇ. 5.8ರಷ್ಟು, ಉಂಗುರಕ್ಕೆ ಅಡ್ಡವಾಗಿ ಶೇ. 2.5ರಷ್ಟು ಕುಗ್ಗುತ್ತೆ. ಅಂದ್ರೆ ತೇವ ಶೇ. 18ರಿಂದ 12ಕ್ಕೆ ಇಳಿದರೆ 300 ಮಿ.ಮೀ. ಅಗಲದ ಹಲಗೆಯಲ್ಲಿ 3 ಮಿ.ಮೀ. ಹೋಗಬಹುದು. ಹಾನಗಲ್ ಅರೆಮಲೆನಾಡು, ಸವಣೂರು ಬಯಲು. ನಮ್ಮ ಸ್ಕ್ರೂಗಳು ಆ 3 ಮಿ.ಮೀ.ಗೆ ಜಾಗವನ್ನೇ ಬಿಟ್ಟಿರಲಿಲ್ಲ. (ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಸಾಗಿದ್ವಿ, ಆದ್ರೂ!)

ಈಗ ಶೆಡ್‌ನ ಅರ್ಧ ಜಾಗ ಒಣಗೋ ಹಲಗೆಗಳಿಗೇ. ನಡುವೆ ಪಟ್ಟಿ ಇಟ್ಟು, ನೆರಳಲ್ಲಿ ಗಾಳಿಯಾಡುವಂತೆ ಪೇರಿಸ್ತೇವೆ. ಅಡ್ಡಪಟ್ಟಿಯ ಸ್ಕ್ರೂ ತೂತನ್ನ ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡ್ತೇವೆ. ಮಶಿನ್ ಇನ್ನೂ ಬಂದಿಲ್ಲ. ಗರಗಸ, ರಂದಾ, ಉಳಿ, ಮೂಲೆಮಟ್ಟದಲ್ಲೇ ಸವಣೂರಿನ ಎರಡನೇ ಟೇಬಲ್ ನಡೆದಿದೆ.